ಕುಕ್ಕರಹಳ್ಳಿ ಕೆರೆಯ ನೀರೊಳಗೆ ಇಣುಕುವ ಎಆರ್ ಆಪ್: ನೀವೇ ಮಾಡಿ

ಶಾಲೆ-ಕಾಲೇಜುಗಳ ವಿಜ್ಞಾನ ಮೇಳಗಳಲ್ಲಿ ಈಗ ಎಆರ್ (ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಫೋನಿನ ಕ್ಯಾಮೆರಾ ನೋಟದ ಮೇಲೆ ತ್ರೀಡಿ ಚಿತ್ರ ಕೂರಿಸುವ ತಂತ್ರ) ಆಪ್‌ಗಳದ್ದೇ ಭರಾಟೆ. ಪರಿಸರದ ವಿಷಯ, ಚೆಂದದ ಪೋಸ್ಟರ್, ಫೋನ್ ಹಿಡಿದರೆ ಹಕ್ಕಿ ಎದ್ದು ಬರಬೇಕು. ಬರುವುದಿಲ್ಲ! ಮೈಸೂರಿನ ಒಂದು ಮೇಳದಲ್ಲಿ ಹುಡುಗನೊಬ್ಬ ಫೋನನ್ನು ಪೋಸ್ಟರಿನ ಮುಂದೆ ಹಿಂದೆ ಆಡಿಸುತ್ತಾ "ಒಂದ್ನಿಮಿಷ ಸಾರ್, ನಿನ್ನೆ ರಾತ್ರಿ ಬರ್ತಿತ್ತು ಸಾರ್" ಅನ್ನುತ್ತಲೇ ಇದ್ದ. ಪಾಪ, ಅವನ ಕೋಡಿಂಗ್ ಸರಿಯಾಗೇ ಇತ್ತು. ಎಡವಟ್ಟಾಗಿದ್ದು ಫೋನು ಗುರುತು ಹಿಡಿಯಬೇಕಾದ ಪೋಸ್ಟರಿನಲ್ಲಿ. ಹಾಗಾಗಿ ಇಲ್ಲಿ ಪೋಸ್ಟರಿನ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು, ಏನು ತೋರಿಸಬೇಕು ಅಂತ ಯೋಚಿಸಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ನಿಜವಾದ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಎದುರಿಗೇ ತೇಲುತ್ತಿರುವಾಗ ಫೋನಿನೊಳಗೆ ಪ್ಲಾಸ್ಟಿಕ್ ಗೊಂಬೆಯಂಥ ಹೆಜ್ಜಾರ್ಲೆ ಯಾಕೆ ಬೇಕು? ಕಣ್ಣಿಗೆ ಕಾಣದ್ದನ್ನು ತೋರಿಸಿ. ಕೆರೆಗೆ ಚರಂಡಿ ನೀರು ಸೇರಿದರೆ ಅದರಲ್ಲಿರುವ ರಂಜಕ, ಸಾರಜನಕ ತಿಂದು ಪಾಚಿ ಕೊಬ್ಬುತ್ತದೆ, ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಹೀರುತ್ತವೆ, ಬೆಳಗಾಗುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಏರಿ ಮೇಲೆ ವಾಕಿಂಗ್ ಮಾಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. ನಿಮ್ಮ ಆಪ್‌ಗೆ ಇಷ್ಟು ಕತೆ ಸಾಕು. ಕೆರೆ ಕಟ್ಟಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಬೇಸಾಯದ ನೀರಿಗೆ ಎಂಬುದನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿ.

ಎರಡನೆಯದು ಸಾಧನ. ಗೇಮ್, ಎಆರ್ ಆಪ್ ಮಾಡುವ ಯುನಿಟಿ ತಂತ್ರಾಂಶ ಬೇಡ. ಒಳ್ಳೆಯದೇ, ಆದರೆ ಅದರಲ್ಲಿ ಮಾಡಿದ ಆಂಡ್ರಾಯ್ಡ್ ಎಆರ್ ಆಪ್‌ಗೆ ಸಾಮಾನ್ಯವಾಗಿ ಎಆರ್‌ಕೋರ್ (ಗೂಗಲ್‌ನ ಎಆರ್ ವ್ಯವಸ್ಥೆ) ಬೆಂಬಲವಿರುವ ಫೋನೇ ಬೇಕು, ಮೇಲಾಗಿ ಕೆರೆ ಹತ್ತಿರ ನಿಂತು ನಿಮ್ಮ ಆಪ್ ಇನ್‌ಸ್ಟಾಲ್ ಮಾಡಿಕೊಳ್ಳುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಬ್ರೌಸರಿನಲ್ಲೇ ಓಡುವ ಮೈಂಡ್‌ಎಆರ್ ಹಿಡಿಯಿರಿ. ಪುಕ್ಕಟೆ, ಓಪನ್ ಸೋರ್ಸ್, ಜತೆಗೆ ವೆಬ್‌ಪುಟದಲ್ಲಿ ತ್ರೀಡಿ ದೃಶ್ಯ ಕಟ್ಟುವ ಎ-ಫ್ರೇಮ್ ಬಳಸಿದರೆ, ವೆಬ್‌ಪುಟ ಬರೆಯುವ ಎಚ್‌ಟಿಎಂಎಲ್ ಗೊತ್ತಿದ್ದವರಿಗೆ ಒಂದು ವಾರದ ಕೆಲಸ. ಹಳೆಯ ಯೂಟ್ಯೂಬ್ ಪಾಠ ನೋಡಿ ಸ್ಪಾರ್ಕ್ ಎಆರ್ ಎಂಬ ಸಾಧನ ಕಲಿಯಲು ಹೋಗಬೇಡಿ, ಫೇಸ್‌ಬುಕ್‌ನ ಕಂಪನಿ ಮೆಟಾ ಅದನ್ನು 2025ರ ಜನವರಿಯಲ್ಲಿ ಹೊರಗಿನವರಿಗೆ ಮುಚ್ಚಿಬಿಟ್ಟಿತು.

ಮೂರನೆಯದು ತ್ರೀಡಿ ಮಾಡೆಲ್. ತ್ರೀಡಿ ಮಾಡೆಲ್‌ಗಳ ಜಾಲತಾಣ ಸ್ಕೆಚ್‌ಫ್ಯಾಬ್‌ನಲ್ಲಿ ಪುಕ್ಕಟೆ ಸಿಗುವ ಮೀನು ತಗೊಳ್ಳಿ, ಲೈಸೆನ್ಸ್ ಓದಿ ಮಾಡಿದವರ ಹೆಸರು ಹಾಕಿ, ತ್ರೀಡಿ ತಂತ್ರಾಂಶ ಬ್ಲೆಂಡರ್‌ನಲ್ಲಿರುವ ಡೆಸಿಮೇಟ್ ಸೌಲಭ್ಯದಿಂದ ತೆಳ್ಳಗೆ ಮಾಡಿ (ಮಾಡೆಲ್‌ನ ವಿವರ ಕಡಿಮೆ ಮಾಡಿ) ಜಿಎಲ್‌ಬಿ ಎಂಬ ತ್ರೀಡಿ ಫೈಲ್ ಆಗಿ ಉಳಿಸಿ. ಐದು ಎಂಬಿ ದಾಟಬಾರದು, ಇದು ನನ್ನ ಹಟ.

ಈಗ ಪೋಸ್ಟರ್. ಕ್ಯಾಮೆರಾಗೆ ನಿಮ್ಮ ಚಿತ್ರ ಮೀನಾಗಿಯೋ ಹಕ್ಕಿಯಾಗಿಯೋ ಕಾಣುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಚೂಪಾದ ಮೂಲೆಗಳು ಎಲ್ಲೆಲ್ಲಿವೆ ಎಂದಷ್ಟೇ ಅದು ಹುಡುಕುತ್ತದೆ. ಬಿಳಿ ಹಾಳೆ ಮೇಲೆ ಒಂದೇ ಒಂದು ಎಲೆ ಬರೆದರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಾಗಂತ ರಂಗೋಲಿಯೂ ಆಗದು. ಒಂದು ತಂಡ ಎಂಟು ದಳದ ರಂಗೋಲಿ ಮಾಡಿಕೊಂಡು ಬಂದಿತ್ತು, ನೋಡಲು ಬಹಳ ಚೆಂದ, ಆದರೆ ಎಲ್ಲ ದಳವೂ ಒಂದೇ ಥರ ಇದ್ದಾಗ ಯಾವ ಕಡೆ ಮೇಲು ಎಂಬುದೇ ಫೋನಿಗೆ ತಿಳಿಯದೆ ಮೀನು ಗಿರಗಿರ ತಿರುಗುತ್ತಿತ್ತು. ದೇವರಾಜ ಮಾರುಕಟ್ಟೆಯ ತರಕಾರಿ ಅಂಗಡಿ ನೆನಪಿಸಿಕೊಳ್ಳಿ. ಬರೀ ಟೊಮೆಟೊ ರಾಶಿಯಲ್ಲ, ಇಡೀ ಅಂಗಡಿ. ಎಲ್ಲಿ ನೋಡಿದರೂ ಬೇರೆ ಏನೋ ಇರಬೇಕು: ಇಲ್ಲಿ ಜೊಂಡು, ಅಲ್ಲಿ ಬಲೆ, ಮೂಲೆಯಲ್ಲಿ ನೀರುಕಾಗೆ.

ಚಿತ್ರ ಬರೆದ ಮೇಲೆ ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಹಸಿರು ಎಲೆ ಮೇಲಿನ ಕೆಂಪು ಹೂ ಮಾಯವಾಯಿತಾ? ಹಾಗಾದರೆ ಕ್ಯಾಮೆರಾಗೂ ಅದು ಇಲ್ಲ. ಆಮೇಲೆ ಮೈಂಡ್‌ಎಆರ್‌ನ ಆನ್‌ಲೈನ್ ಕಂಪೈಲರ್‌ಗೆ (ಚಿತ್ರವನ್ನು ಆಪ್ ಗುರುತಿಸುವ ಫೈಲ್ ಆಗಿ ಮಾಡಿಕೊಡುವ ಪುಟಕ್ಕೆ) ಚಿತ್ರ ಹಾಕಿ. ಅದು ಹಿಡಿದ ಬಿಂದುಗಳನ್ನು ಚಿತ್ರದ ಮೇಲೇ ಗುರುತು ಮಾಡಿ ತೋರಿಸುತ್ತದೆ. ಅವು ಇಡೀ ಚಿತ್ರದಲ್ಲಿ ಹರಡಿರಬೇಕು. ಒಂದೇ ಕಡೆ ಗುಂಪುಗೂಡಿದ್ದರೆ ಚಿತ್ರವನ್ನೇ ತಿದ್ದಿ, ಕೋಡ್ ಮುಟ್ಟಬೇಡಿ.

ಪ್ರಿಂಟ್ ಮಾಡಿಸುವಾಗ ಅಂಗಡಿಯವರು ಖಂಡಿತ ಕೇಳುತ್ತಾರೆ, "ಲ್ಯಾಮಿನೇಷನ್ ಹಾಕ್ಲಾ?" ಬೇಡ ಅನ್ನಿ. "ಮಳೆಗೆ ಹಾಳಾಗತ್ತೆ ಕಣಪ್ಪಾ" ಅಂದರೂ ಬೇಡ ಅನ್ನಿ. ಆ ಹೊಳಪಿನ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಬಿಳಿ ಪಟ್ಟೆಯೊಂದು ಅಡ್ಡಬಂದು ಅರ್ಧ ಚಿತ್ರ ಕಾಣುವುದಿಲ್ಲ. ಆ ಹುಡುಗನಿಗೆ ಆಗಿದ್ದೂ ಇದೇ, ಲ್ಯಾಮಿನೇಷನ್ ಮಾಡಿಸಿದ್ದು ಅವತ್ತು ಬೆಳಿಗ್ಗೆ! ಹೊಳಪಿಲ್ಲದ ಮ್ಯಾಟ್ ಕಾಗದ, ಎ3 ಅಳತೆ, ಸುಕ್ಕಾಗದಂತೆ ಗಟ್ಟಿ ರಟ್ಟಿಗೆ ಅಂಟಿಸಿ. ನಾಲ್ಕು ಪ್ರತಿ ಮಾಡಿಸಿ, ಒಂದು ನೆಂದರೆ ಇನ್ನೊಂದು.

ಅಳತೆಯದೂ ಒಂದು ಮಾತು. ಮೈಂಡ್‌ಎಆರ್‌ಗೆ ನಿಮ್ಮ ಚಿತ್ರದ ಅಗಲ ಎಷ್ಟೇ ಇರಲಿ, ಅದರ ಲೆಕ್ಕದಲ್ಲಿ 1. ಮೀನಿನ ಸ್ಕೇಲ್ (ಗಾತ್ರದ ಪಟ್ಟು) 10 ಅಂತ ಕೊಟ್ಟು "ಏನೂ ಕಾಣ್ತಿಲ್ಲ" ಎನ್ನುವವರು ಮೀನಿನ ಹೊಟ್ಟೆಯೊಳಗೇ ನಿಂತಿರುವ ಸಾಧ್ಯತೆ ಉಂಟು. 0.3ರಿಂದ ಶುರು ಮಾಡಿ.

ಕನ್ನಡ ಅಕ್ಷರದ್ದು ಬೇರೆಯೇ ತಲೆನೋವು. ಎ-ಫ್ರೇಮ್‌ನ ತ್ರೀಡಿ ಅಕ್ಷರಕ್ಕಾಗಲಿ ಯುನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊಗಾಗಲಿ ನಮ್ಮ ಒತ್ತು ಕೂರಿಸಲು ಬರುವುದಿಲ್ಲ. ಹೆಜ್ಜಾರ್ಲೆ ಹೋಗಿ 'ಹೆಜ್‌ಜಾರ್‌ಲೆ' ಆಗುತ್ತದೆ. ಇದಕ್ಕೆ ಹೆದರಿ ಇಂಗ್ಲಿಷಿಗೆ ಹೋಗಬೇಡಿ, ಕೆರೆಗೆ ಬರುವ ಸರ್ಕಾರಿ ಶಾಲೆ ಮಕ್ಕಳು ಓದುವುದು ಬೇಡವಾ? ಬರಹವನ್ನು ಕ್ಯಾಮೆರಾ ಮೇಲೆ ಮಾಮೂಲಿ ಎಚ್‌ಟಿಎಂಎಲ್ ಪೆಟ್ಟಿಗೆಯಲ್ಲಿ ಹಾಕಿ, ಬ್ರೌಸರ್ ಒತ್ತನ್ನು ಸರಿಯಾಗಿ ಕೂರಿಸುತ್ತದೆ. ಇಲ್ಲವೇ ಪಿಎನ್‌ಜಿ ಚಿತ್ರ ಮಾಡಿ ಅಂಟಿಸಿ.

ಎಲ್ಲವನ್ನೂ ವೆಬ್‌ಪುಟ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ಗೆ ಏರಿಸಿ. ಅಲ್ಲಿ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಪುಕ್ಕಟೆ, ಅದಿಲ್ಲದೆ ಬ್ರೌಸರ್ ಕ್ಯಾಮೆರಾ ಬಿಟ್ಟುಕೊಡುವುದಿಲ್ಲ. ವಿಳಾಸದ ಕ್ಯೂಆರ್ ಕೋಡನ್ನು ಪೋಸ್ಟರ್ ಪಕ್ಕ ಬೇರೆ ಚೀಟಿಯಲ್ಲಿ ಅಂಟಿಸಿ.

ಕೊನೆಗೆ, ಪರೀಕ್ಷೆ ಕೆರೆ ಹತ್ತಿರವೇ ಆಗಬೇಕು. ಮೊದಲು ಅನುಮತಿ ಕೇಳಿ, ಪೋಸ್ಟರಿಗೆ ಸ್ಟ್ಯಾಂಡ್ ಒಯ್ಯಿರಿ, ಪರಿಸರ ಪಾಠ ಹೇಳಲು ಹೋಗಿ ಮರಕ್ಕೆ ಮೊಳೆ ಹೊಡೆಯಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನೇ ಕಾಣುವುದಿಲ್ಲ, ಆದ್ದರಿಂದ ನೆರಳು ಹುಡುಕಿ. ಆದರೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವ ಜಾಗ ಮಾತ್ರ ಬೇಡ. ಆ ಚುಕ್ಕೆಗಳನ್ನೂ ಫೋನು ನಿಮ್ಮ ಚಿತ್ರದ್ದೇ ಅಂದುಕೊಳ್ಳುತ್ತದೆ.