ಜರ್ಮನಿಗೆ ಹೊರಟ ಮನೆಯಲ್ಲಿ ಕನ್ನಡವೂ ಉಳಿಯಲಿ

ನನ್ನ ತವರು ಶಿರಸಿ, ಗಂಡನ ಮನೆ ಕಾರವಾರ. ಮಗಳು ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ, ಕೊಂಕಣಿ ಎರಡೂ ಇದ್ದವು. ಅವಳಿಗೆ ಎರಡೂವರೆ ವರ್ಷ ಆದಾಗ ಯಜಮಾನರ ಕೆಲಸಕ್ಕಾಗಿ ಜರ್ಮನಿಗೆ ಹೋದೆವು. ಅಲ್ಲಿ ತಿಳಿದವರೊಬ್ಬರು, 'ಮನೆಯಲ್ಲೂ ಜರ್ಮನ್ನೇ ಮಾತಾಡಿ, ಮಗು ಬೇಗ ಕಲಿಯುತ್ತದೆ' ಅಂದರು. ನಂಬಿದೆವು. ನಮ್ಮ ಅರ್ಧಂಬರ್ಧ ಜರ್ಮನ್‌ನಲ್ಲೇ ಎಂಟು ತಿಂಗಳು ಮಗಳನ್ನು ಮಾತಾಡಿಸಿದೆವು. ರಜೆಗೆ ಶಿರಸಿಗೆ ಬಂದಾಗ ಅಮ್ಮ ಜಗಲಿಗೆ ಬಂದು, 'ಕೂಸೇ, ಆಸ್ರಿಗೆ ಎಂತ ಬೇಕು?' ಅಂತ, ಅಂದರೆ ಕುಡಿಯಲು ಏನು ಬೇಕು ಅಂತ, ಕೇಳಿದರು. ಮಗಳು ನನ್ನ ಮುಖ ನೋಡಿದಳು. ಅಜ್ಜಿ ಕೇಳಿದ್ದನ್ನು ಮೊಮ್ಮಗಳಿಗೆ ನಾನು ಜರ್ಮನ್‌ನಲ್ಲಿ ಹೇಳಬೇಕಾಯಿತು. ಆ ಸಂಕಟ ಇನ್ನೂ ಆರಿಲ್ಲ.

ಈಗ ಹೊರಟು ನಿಂತಿರುವ ನಮ್ಮ ಜಿಲ್ಲೆಯ ಮನೆಗಳಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು: ಅಡುಗೆಮನೆಯಿಂದ ಶುರು ಮಾಡಿ

ಜರ್ಮನ್ ಕಲಿಕೆಗೆ ಎ1ರಿಂದ ಸಿ2ವರೆಗೆ ಆರು ಹಂತ. ಗಂಡ ಅಥವಾ ಹೆಂಡತಿಯ ಜೊತೆ ಇರಲು ವೀಸಾ ಕೇಳುವವರಿಗೆ ಸಾಮಾನ್ಯವಾಗಿ ಎ1 ಪ್ರಮಾಣಪತ್ರ ಬೇಕು. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ, ಇರುವವರ ಸಂಗಾತಿಗೆ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಕಲಿತೇ ಹೋಗಿ. ಅಂಗಡಿ, ಡಾಕ್ಟರು, ಪಕ್ಕದ ಮನೆ ಎಲ್ಲಕ್ಕೂ ಅದು ಬೇಕು. ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನಡೆಯುತ್ತದೆ. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ನಾಲ್ಕೂ ಇರುತ್ತವೆ.

ಜರ್ಮನ್‌ನಲ್ಲಿ ಪ್ರತಿ ವಸ್ತುವಿಗೂ ಲಿಂಗ ಇದೆ: ಪುಲ್ಲಿಂಗಕ್ಕೆ ಡೆರ್, ಸ್ತ್ರೀಲಿಂಗಕ್ಕೆ ಡಿ, ನಪುಂಸಕಕ್ಕೆ ದಾಸ್. ಇದನ್ನು ಉರು ಹೊಡೆಯುವುದಕ್ಕಿಂತ ಬಣ್ಣದ ಚೀಟಿ ಅಂಟಿಸುವುದು ಸುಲಭ. ಅಕ್ಕಿ ಡಬ್ಬಿಗೆ ನೀಲಿ, ಡೆರ್ ರೈಸ್. ಹಾಲಿನ ಪಾತ್ರೆಗೆ ಕೆಂಪು, ಡಿ ಮಿಲ್ಶ್. ನೀರಿನ ಕೊಡಕ್ಕೆ ಹಸಿರು, ದಾಸ್ ವಾಸರ್. ಸಕ್ಕರೆ ನೀಲಿ, ಉಪ್ಪು ಹಸಿರು. ದಿನಕ್ಕೆ ಹತ್ತು ಸಲ ಕೈ ಹಾಕುವ ಡಬ್ಬಿ, ತಾನಾಗಿ ಬಾಯಿಗೆ ಬರುತ್ತದೆ.

ಜರ್ಮನ್‌ನಲ್ಲಿ ಹುಡುಗಿ, ಅಂದರೆ 'ಮೇಡ್‌ಶನ್', ನಪುಂಸಕ ಲಿಂಗ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ವಿಚಿತ್ರ ಅನಿಸುತ್ತದೆ. ನಮಗೇನು ಹೊಸದು? ಹವ್ಯಕರ ಮನೆಯಲ್ಲಿ ಹುಡುಗಿ ಬಂದರೆ 'ಕೂಸು ಬಂತು' ಅನ್ನುತ್ತೇವೆ. ಕೊಂಕಣಿಯಲ್ಲೂ ಹುಡುಗಿ, ಅಂದರೆ 'ಚೆಡುಂ', ನಪುಂಸಕವೇ. 21ಕ್ಕೆ ಜರ್ಮನರು 'ಒಂದು ಮತ್ತು ಇಪ್ಪತ್ತು' ಅನ್ನುತ್ತಾರೆ. ಕೊಂಕಣಿಯ 'ಏಕ್ವೀಸ್' ನೋಡಿ, ಅಲ್ಲೂ ಒಂದು ಮೊದಲು ಬರುತ್ತದೆ. ನೀನು, ನೀವು ಇರುವ ಹಾಗೆ ಅಲ್ಲಿ 'ದು', 'ಜೀ' ಇವೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. 'ನೀನು ನಾಳೆ ಬರುತ್ತೀಯ ಅಂತ ಗೊತ್ತು' ಎಂಬ ಮಾತಿನಲ್ಲಿ 'ನೀನು ನಾಳೆ ಬರುತ್ತೀಯ' ಅನ್ನುವ ಭಾಗ ಜರ್ಮನ್‌ನಲ್ಲಿ 'ದು ಮೋರ್ಗನ್ ಕೊಮ್ಸ್ಟ್'. ಪದಕ್ಕೆ ಪದ ನಮ್ಮದೇ ಸಾಲು! ಹಾಗಾಗಿ ಎಲ್ಲವನ್ನೂ ಇಂಗ್ಲಿಷ್ ದಾರಿಯಲ್ಲೇ ಕಲಿಯಬೇಕಿಲ್ಲ. 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದ ಪಾದ್ರಿ ಕಿಟೆಲ್‌ಗೆ ಆಗ 21 ವರ್ಷ. ಅವರು 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟರು. ದೊಡ್ಡವರಾದ ಮೇಲೆ ಭಾಷೆ ಬರುವುದಿಲ್ಲ ಅನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಮನೆಯ ಭಾಷೆ ಯಾವುದು ಅಂತ ಕೂತು ಮಾತಾಡಿ

ಟಿಕೆಟ್ ಮಾಡಿಸುವಾಗಲೇ ಇದು ತೀರ್ಮಾನ ಆಗಲಿ. ನಮ್ಮಲ್ಲಿ ಈಗ ಅಮ್ಮನದು ಕನ್ನಡ, ಅಪ್ಪನದು ಕೊಂಕಣಿ, ಬಾಗಿಲು ದಾಟಿದರೆ ಜರ್ಮನ್. ಇಂಗ್ಲಿಷಿಗೆ ಅವಸರ ಇಲ್ಲ, ಶಾಲೆ ಕಲಿಸುತ್ತದೆ. ಜರ್ಮನ್ ಕಲಿಸಲು ಶಿಶುವಿಹಾರ ಇದೆ, ಗೆಳೆಯರಿದ್ದಾರೆ, ಆಟದ ಮೈದಾನ ಇದೆ. ಕನ್ನಡ ಕಲಿಸಲು ಆ ಊರಿನಲ್ಲಿ ನೀವು ಬಿಟ್ಟರೆ ಯಾರಿದ್ದಾರೆ?

'ಅಮ್ಮಾ, ವಾಸರ್ ಬೇಕು' ಅಂತ ಮಗು ಕೇಳುತ್ತದೆ. ಗಾಬರಿ ಬೇಡ, ಬೈಯಲೂ ಬೇಡ. ಮಗು ಗೊಂದಲದಲ್ಲಿಲ್ಲ, ಕೈಗೆ ಸಿಕ್ಕ ಪದ ಬಳಸಿದೆ ಅಷ್ಟೇ. 'ನೀರು ಬೇಕಾ? ತಗೋ ನೀರು' ಅನ್ನಿ, ಸಾಕು. ಹೆಚ್ಚು ಭಾಷೆ ಇದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ಮಗುವಿನ ಬೆಳವಣಿಗೆ ನೋಡುವಾಗ ಡಾಕ್ಟರು ಎಷ್ಟು ಪದ ಬರುತ್ತದೆ ಎಂದು ಕೇಳಿದರೆ ಎಲ್ಲ ಭಾಷೆಯ ಪದ ಸೇರಿಸಿ ಲೆಕ್ಕ ಕೊಡಿ. ಆಮೇಲೂ ಅನುಮಾನ ಇದ್ದರೆ ಕಾಯದೆ ತೋರಿಸಿ.

ಶಿಶುವಿಹಾರ: ಮೌನಕ್ಕೆ ಹೆದರಬೇಡಿ

ಅಲ್ಲಿ ಅದನ್ನು 'ಕೀಟಾ' ಅನ್ನುತ್ತಾರೆ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕು ಅನ್ನುವ ಕಾನೂನು 2013ರಿಂದ ಇದೆ. ಆದರೂ ಸೀಟು ಸಿಗುವುದು ಕಷ್ಟ. ಮನೆ ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕಿ. ಮೊದಲ ಕೆಲವು ದಿನ ಅಮ್ಮನೋ ಅಪ್ಪನೋ ಜೊತೆಯಲ್ಲೇ ಕೂರುವ ಪದ್ಧತಿ ಇದೆ. ಅದಕ್ಕೆ ರಜೆ ಉಳಿಸಿಕೊಳ್ಳಿ.

ಒಂದು ಹಾಳೆಯಲ್ಲಿ ಮಗುವಿನ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆದು ಟೀಚರಿಗೆ ಕೊಡಿ: ನೀರು, ಹಸಿವು, ಸುಸ್ಸು, ನೋವು, ಬೇಡ. ಪಕ್ಕದಲ್ಲಿ ಜರ್ಮನ್ ಅರ್ಥ. ನಮ್ಮ ಟೀಚರ್ ಆ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಒಂದು ದಿನ ಅವರೇ ಮಗಳ ಹತ್ತಿರ ಬಗ್ಗಿ 'ನೋವು?' ಅಂತ ಕೇಳಿದರು. ನನ್ನ ಕಣ್ಣು ತುಂಬಿ ಬಂತು.

ಕೆಲವು ಮಕ್ಕಳು ತಿಂಗಳುಗಟ್ಟಲೆ ಅಲ್ಲಿ ಬಾಯಿ ಬಿಡುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತಿರುತ್ತಾರೆ. ಅದೂ ಕಲಿಕೆಯೇ.

ನೀವೂ ತರಗತಿಗೆ ಹೋಗಿ

ಹೊಸದಾಗಿ ಬಂದವರಿಗೆ ಇಂಟಿಗ್ರೇಷನ್ ಕೋರ್ಸ್ ಇದೆ. ಸಾಮಾನ್ಯ ಕೋರ್ಸ್‌ನಲ್ಲಿ ಭಾಷೆಗೆ 600 ಪಾಠ, ದೇಶದ ಪರಿಚಯಕ್ಕೆ 100 ಪಾಠ. ಒಂದು ಪಾಠ 45 ನಿಮಿಷ. ಬಿ1, ಅಂದರೆ ಮೂರನೇ ಹಂತ, ತಲುಪುವುದು ಗುರಿ. ಮನೆಯಲ್ಲೇ ಇರುವ ಅಮ್ಮಂದಿರು ಇದನ್ನು ಖಂಡಿತ ಬಿಡಬೇಡಿ. ಇಲ್ಲದಿದ್ದರೆ ಆಸ್ಪತ್ರೆಯಲ್ಲೂ ಪಾಲಕರ ಸಭೆಯಲ್ಲೂ ಆರು ವರ್ಷದ ಮಗುವೇ ನಿಮಗೆ ದುಭಾಷಿ ಆಗಬೇಕಾಗುತ್ತದೆ. ಅಷ್ಟು ಭಾರ ಮಗುವಿನ ಮೇಲೆ ಬೇಡ, ಅಲ್ವಾ?

ಅಜ್ಜಿಗೆ ಒಂದು ಹೊತ್ತು

ಅಲ್ಲಿ ಸಂಜೆ ನಾಲ್ಕು ಅಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ಅದನ್ನು ಅಜ್ಜಿಗೆ ಮೊದಲೇ ಹೇಳಿಡಿ, ಪಾಪ, ಒಂದು ತಾಸು ಫೋನ್ ಹಿಡಿದು ಕೂತಿರುತ್ತಾರೆ. ಘಟ್ಟದ ಮೇಲಿನ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಕಥೆ ರೆಕಾರ್ಡ್ ಮಾಡಿ ಕಳಿಸಲಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. 'ಕನ್ನಡ ಬರುತ್ತದಾ, ಹೇಳು ನೋಡುವಾ' ಅಂತ ಪರೀಕ್ಷೆ ಮಾಡಬೇಡಿ. ಮಕ್ಕಳು ಮುದುಡಿಕೊಳ್ಳುತ್ತಾರೆ. ಬದಲಿಗೆ ಏನಾದರೂ ತೋರಿಸಿ. ನಮ್ಮಮ್ಮ ತೊಡದೇವು ಎಂಬ ಸಿಹಿತಿಂಡಿ ಮಾಡುವಾಗ ಫೋನನ್ನು ಒಲೆಯ ಪಕ್ಕ ನಿಲ್ಲಿಸುತ್ತಾರೆ. ಗಡಿಗೆಯ ಬೆನ್ನಿನ ಮೇಲೆ ಹಿಟ್ಟು ಸವರಿ, ಕಾಗದದಂಥ ಹಾಳೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚುತ್ತಾರೆ. ಮಗಳು ಈ ಕಡೆಯಿಂದ ಕೂಗುತ್ತಾಳೆ: 'ಅಜ್ಜಿ, ಬೇಗ ಮಡಚು, ಹರೀತದೆ!'