ನಲವತ್ತು ಕಳಿಸಿದ್ದೆ, ಒಬ್ಬರೂ ಕೇಳಲಿಲ್ಲ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಮತ್ತು ಅಕ್ಕಪಕ್ಕದ ಕನ್ನಡದವರದು ಒಂದು ವಾಟ್ಸಾಪ್ ಗುಂಪು ಇದೆ. ನೀರು ಬರೋದಿಲ್ಲ, ಊರಿನ ಕುಂದಾ ಬಂದಿದೆ, ಇಂಥ ಸುದ್ದಿಗಳೇ ಜಾಸ್ತಿ. ಅದರಲ್ಲಿ ಒಂದು ದಿನ ಯಾರೋ ಸುಮ್ನೆ ಕೇಳಿದರು, "ಶಾಸ್ತ್ರೀಯ ಸಂಗೀತ ಕೇಳಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡಲಿ?" ನನಗೆ ಅಷ್ಟೇ ಸಾಕಾಯಿತು. ಶನಿವಾರ ರಾತ್ರಿ ಎರಡು ಗಂಟೆವರೆಗೆ ಕೂತು ನಲವತ್ತು ಧ್ವನಿಮುದ್ರಣಗಳ ಪಟ್ಟಿ ಮಾಡಿದೆ. ಕಿರಾಣಾ ಘರಾಣೆ (ಹಾಡುವ ಪರಂಪರೆ) ಬೇರೆ, ಜೈಪುರ ಬೇರೆ, ಬೆಳಗಿನ ರಾಗ ಬೇರೆ, ರಾತ್ರಿಯದು ಬೇರೆ. ಕಳಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಏಳು ಹೆಬ್ಬೆರಳು, ಎರಡು ಕೈಮುಗಿದ ಚಿತ್ರ, ಆಮೇಲೆ ಮೂರನೇ ಮಹಡಿಯ ವೈನಿಯ (ಅಂದರೆ ಅತ್ತಿಗೆಯ) ಒಂದೇ ಒಂದು ಸಾಲು.

"ಇಷ್ಟೆಲ್ಲಾ ಯಾವಾಗ ಕೇಳೂದ್ರೀ? ಕುಕ್ಕರ್ ಮೂರು ಸೀಟಿ ಹೊಡಿಯೂದ್ರಾಗ ಮುಗಿಯೂವಂಥಾದ್ದು ಒಂದು ಹೇಳ್ರಿ."

ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಮೂರು ಸೀಟಿಯೊಳಗೆ ಮುಗಿಯೋ ದರ್ಬಾರಿ ರಾಗ ಎಲ್ಲಿಂದ ತರಲಿ?

ನಾನು ಹಾಡುವವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಧಾರವಾಡ, ಕೆಲಸ ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕಪತ್ರ ನೋಡೋದು, ದಿನಕ್ಕೆ ಎರಡೂವರೆ ಮೂರು ಗಂಟೆ ಲೋಕಲ್ ರೈಲಿನಲ್ಲಿ. ಚಿಕ್ಕಂದಿನಲ್ಲಿ ಎರಡು ವರ್ಷ ತಬಲಾ ಕಲಿತಿದ್ದೆ, ಈಗ ಠೇಕಾ (ತಾಳದ ಬಡಿತ) ಎಣಿಸೋದು ಮಾತ್ರ ಉಳಿದಿದೆ. ಆದರೆ ಕೇಳುವ ಚಟ ಹಳೆಯದು.

ವೈನಿಯ ಮಾತು ತಲೆಯಲ್ಲಿ ಕೊರೀತಾ ಇತ್ತು. ನಾನಾದರೂ ಈ ನಲವತ್ತನ್ನು ಕೇಳ್ತೀನಾ? ಒಂದು ಹಳೆಯ ಡೈರಿ ತಗೊಂಡು ಮೂರು ತಿಂಗಳು ಬರೆದಿಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಹಚ್ಚಿದೆ, ಪೂರ್ತಿ ಕೇಳಿದೆನಾ ಅಥವಾ ನಡುವೆ ನಿಲ್ಲಿಸಿದೆನಾ. ಲೆಕ್ಕದವನಲ್ವಾ, ಇಂಥ ಕೆಲಸ ಬೇಜಾರಾಗೋದಿಲ್ಲ. ಮೂರು ತಿಂಗಳ ನಂತರ ಕೂಡಿಸಿ ನೋಡಿದರೆ ಮಾನ ಹೋಯಿತು. "ನಿಮಗೆ ಅತಿ ಇಷ್ಟವಾದದ್ದು ಯಾವುದು" ಅಂತ ಯಾರೇ ಕೇಳಿದರೂ ನಾನು ಹದಿನೈದು ವರ್ಷದಿಂದ ಕೊಡುತ್ತಿದ್ದ ಉತ್ತರ ಹಿಂದೂಸ್ತಾನಿ ಗಾಯಕ ಅಮೀರ್ ಖಾನರ ದರ್ಬಾರಿ. ಡೈರಿಯಲ್ಲಿ ಅದು ಸೊನ್ನೆ. ಒಂದು ಸಲವೂ ಇಲ್ಲ! ಹನ್ನೊಂದು ಸಲ ಇದ್ದದ್ದು ಮಲ್ಲಿಕಾರ್ಜುನ ಮನಸೂರರ 'ಅಕ್ಕ ಕೇಳವ್ವಾ'. ಎಂಟು ಸಲ ಬಸವರಾಜ ರಾಜಗುರುಗಳ ನಾಟ್ಯಗೀತೆಗಳು, ಅದೂ ಹೆಚ್ಚಾಗಿ ಪಾತ್ರೆ ತೊಳೆಯುವಾಗ. ದರ್ಬಾರಿ ನಾನು ಹೇಳಿಕೊಳ್ಳೋದಕ್ಕೆ ಇಟ್ಟುಕೊಂಡ ಹಾಡು, ಕೈ ತಾನಾಗಿ ಹೋಗುತ್ತಿದ್ದದ್ದು ಬೇರೆ ಕಡೆಗೆ.

ಅಲ್ಲಿಂದ ನಿಯಮ ಬದಲಾಯಿತು. ರವಿವಾರಕ್ಕೆ ಒಂದೇ ಹಾಡು. ಡೈರಿಯಲ್ಲಿ ಕನಿಷ್ಠ ಮೂರು ಸಲ ಬಂದದ್ದು ಮಾತ್ರ. ಜೊತೆಗೆ ನಾಲ್ಕು ಸಾಲು ಮೀರದ ಮಾತು, ಅದರಲ್ಲಿ ಒಂದೇ ಒಂದು ಸಂಗತಿ: ಇದರಲ್ಲಿ ಏನನ್ನು ಗಮನಿಸಬೇಕು. ಗುರು ಯಾರು, ಗುರುವಿನ ಗುರು ಯಾರು, ಯಾವ ಪ್ರಶಸ್ತಿ ಬಂತು, ಅದೆಲ್ಲ ಕೇಳಿದವರಿಗೆ ಮಾತ್ರ.

ಕುಕ್ಕರಿನ ಸಮಸ್ಯೆ ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ, ಹಳೆಯ ಕಾಲದವರೇ ಅದನ್ನು ಬಿಡಿಸಿಟ್ಟಿದ್ದಾರೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದೇ ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ರಾಗ ತೋರಿಸಿ, ತಾನ್ (ವೇಗದ ಸ್ವರಗಳ ಓಟ) ಹೊಡೆದು, ಎದ್ದು ಹೋಗಬೇಕಿತ್ತು. ಮೊದಲ ರವಿವಾರ ಕಳಿಸಿದ್ದು ಕೇಸರಬಾಯಿ ಕೇರಕರರ ಭೈರವಿ, 'ಜಾತ್ ಕಹಾಂ ಹೋ'. ಗೋವಾದ ಕೇರಿ ಅನ್ನೋ ಊರಲ್ಲಿ ಹುಟ್ಟಿ ಮುಂಬೈಯಲ್ಲಿ ಅಲ್ಲಾದಿಯಾ ಖಾನರ ಹತ್ತಿರ ವರ್ಷಗಟ್ಟಲೆ ಕಲಿತವರು. ನಾನು ಬರೆದದ್ದು ಇಷ್ಟೇ: "ಈಕೆ ಉಸಿರು ಎಲ್ಲಿ ತಗೊಂಡರು ಹುಡುಕಿ." ಅದು ಒಂಥರಾ ಆಟ ಆಯಿತು. ನಾಲ್ಕು ಜನ ಹುಡುಕಿದರು. ಯಾರಿಗೂ ಸರಿಯಾಗಿ ಸಿಗಲಿಲ್ಲ, ಆದರೆ ಹುಡುಕೋದಕ್ಕೆ ಅಂತ ಎರಡೆರಡು ಸಲ ಕೇಳಿದರಲ್ಲ, ನನಗೆ ಬೇಕಾಗಿದ್ದದ್ದು ಅದೇ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ತಟ್ಟೆಯಲ್ಲಿರುವ 27 ಸಂಗೀತದ ತುಣುಕುಗಳಲ್ಲಿ ಭಾರತದ್ದು ಇದೊಂದೇ ಅಂತ ಆಮೇಲೆ ಸಂಜೆ ಹೇಳಿದೆ. ಅದೇ ತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಇದೆ ಅಂದಾಗ ಗುಂಪಿನಲ್ಲಿ ಗದ್ದಲ ನೋಡಬೇಕಿತ್ತು, ಹಾಡು ಮರೆತು ಎಲ್ಲರೂ ಅದರ ಹಿಂದೆ ಬಿದ್ದರು. ಇರಲಿ.

ನಿಜವಾಗಿ ನನ್ನ ಕಣ್ಣು ತೆರೆಸಿದ್ದು ಮಾರವಾ ರಾಗ. ಅಮೀರ್ ಖಾನರ ಎಲ್‌ಪಿ ಒಂದಿದೆ, ಒಂದು ಮಗ್ಗುಲಿಗೆ ಮಾರವಾ, ಇನ್ನೊಂದಕ್ಕೆ ನನ್ನ ಆ ಸುಳ್ಳು ದರ್ಬಾರಿ. ಮಾರವಾ ಸೂರ್ಯ ಮುಳುಗುವ ಹೊತ್ತಿನ ರಾಗ. ಅದರಲ್ಲಿ ಪಂಚಮ (ಪ) ಇಲ್ಲ. ಷಡ್ಜ (ಸಾ) ಇದೆ, ಆದರೆ ಅದರ ಮೇಲೆ ಕೂರೋದೇ ಅಪರೂಪ. ಸ್ವರ ಕೋಮಲ ರಿಷಭದ (ತಗ್ಗಿಸಿದ ರಿ) ಹತ್ತಿರ, ಧೈವತದ (ಧ) ಹತ್ತಿರ ಸುತ್ತುತ್ತಾ ಇರುತ್ತದೆ, ಹಿಂದೆ ತಂಬೂರಿ ಸಾ ಸಾ ಅಂತ ಕರೀತಾನೇ ಇರುತ್ತದೆ, ಇವರು ಮಾತ್ರ ಬರೋದಿಲ್ಲ. ಇದನ್ನು ರವಿವಾರ ಬೆಳಗ್ಗೆ ಕಳಿಸೋದರಲ್ಲಿ ಅರ್ಥ ಇಲ್ಲ ಅಂತ ಶನಿವಾರ ಸಂಜೆ ಆರೂವರೆಗೆ ಕಳಿಸಿದೆ. "ಸಾ ಯಾವಾಗ ಬರುತ್ತದೆ ಅಂತ ಕಾಯ್ತಾ ಇರಿ" ಅಂತ ಬರೆದು, ಸಾ ಅಂದರೆ ತಂಬೂರಿಯ ಸ್ವರ, ಅದನ್ನು ಮೊದಲು ಗುನುಗಿಕೊಳ್ಳಿ ಅಂದೆ. ಉದ್ದ ಜಾಸ್ತಿ, ಯಾರೂ ಕೇಳಲಿಕ್ಕಿಲ್ಲ ಅಂದುಕೊಂಡಿದ್ದೆ. ಎಂಟು ಗಂಟೆಗೆ ವೈನಿ ಬರೆದರು: "ಮನಿ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗ ಬರಲಾರದ ಹೊರಗ ನಿಂತಂಗ ಐತ್ರೀ ಇದು. ಯಾಕ ನಿಂತಾನ ಅಂತ ಜೀವ ಹೊಯ್ದಾಡ್ತದ." ಇಪ್ಪತ್ತು ವರ್ಷ ಮಾರವಾ ಕೇಳಿದ್ದೇನೆ, ಅದರ ಬಗ್ಗೆ ಓದಿದ್ದೇನೆ, ಹೀಗೆ ಹೇಳೋದಕ್ಕೆ ನನಗೆ ಬಂದಿರಲಿಲ್ಲ. ಈಗ ಮಾರವಾ ಹಚ್ಚಿದರೆ ನನಗೂ ಬಾಗಿಲಲ್ಲಿ ಬಿಟ್ಟ ಆ ಚಪ್ಪಲಿಯೇ ಕಾಣುತ್ತದೆ.

ಗುಂಪಿನಲ್ಲಿ ಎರಡು ಪಕ್ಷ ಇವೆ. ನಾವು ಧಾರವಾಡ-ಬೆಳಗಾವಿ ಕಡೆಯವರು ಒಂದು, ಮೈಸೂರು-ಬೆಂಗಳೂರು ಕಡೆಯವರು ಇನ್ನೊಂದು, ಅವರಿಗೆ ಹಿಂದೂಸ್ತಾನಿ ಅಂದರೆ "ಒಂದೇ ಸಾಲನ್ನು ಎಷ್ಟು ಸಲ ಹೇಳ್ತಾರಪ್ಪ". ಅವರಿಗಾಗಿ ಒಂದು ಸಲ ನಿಯಮ ಮುರಿದು ಎರಡು ಕಳಿಸಿದೆ. ಮೊದಲು 'ವಾತಾಪಿ ಗಣಪತಿಂ', ಅದು ಅವರಿಗೆ ನಿದ್ದೆಯಲ್ಲೂ ಗೊತ್ತು. ಅದರ ಬೆನ್ನಿಗೇ 'ಲಾಗಿ ಲಗನ ಪತಿ ಸಖಿ ಸಂಗ'. ಎರಡೂ ಹಂಸಧ್ವನಿ. ರಾಗ ದಕ್ಷಿಣದ್ದೇ, ಎರಡನೇ ಬಂದಿಶ್ (ರಚನೆ) ಅಮಾನ್ ಅಲಿ ಖಾನರದು, ಭೇಂಡಿ ಬಜಾರ್ ಘರಾಣೆಯವರು. ಹೌದು, ಅದೇ ಭೇಂಡಿ ಬಜಾರು, ನಾವು ದಿನಾ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ ದಾಟುವಾಗ ಪಕ್ಕದಲ್ಲೇ ಇರುವುದು. ಅದರ ಹೆಸರಿನಲ್ಲಿ ಒಂದು ಘರಾಣೆ ಇದೆ ಅಂತ ಗುಂಪಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮೈಸೂರಿನ ಒಬ್ಬ ಹಿರಿಯರು ಎರಡನ್ನೂ ಕೇಳಿ "ಚೆನ್ನಾಗಿದೆ, ಆದರೆ ನಮ್ಮದೇ ಚೆನ್ನ" ಅಂದರು. ಅವರು ಪೂರ್ತಿ ಕೇಳಿದರು ಅನ್ನೋದೇ ನನಗೆ ದೊಡ್ಡದು.

ಒಂದು ತಾಂತ್ರಿಕ ಮಾತು. ಲೋಕಲ್ಲಿನಲ್ಲಿ ಕೇಳೋರಿಗೆ ವಿಲಂಬಿತ, ಅಂದರೆ ನಿಧಾನ ಗತಿಯ, ಖಯಾಲು ಕಳಿಸಬೇಡಿ. ಮಂದ್ರ ಸಪ್ತಕದಲ್ಲಿ (ಕೆಳಗಿನ ಸ್ವರಗಳಲ್ಲಿ) ಮೆಲ್ಲಗೆ ಹಾಡಿದ್ದೆಲ್ಲ ಗಾಲಿಯ ಸದ್ದಿನಲ್ಲಿ ಸತ್ತೇ ಹೋಗುತ್ತದೆ, ಕೇಳಿಸೋದಿಲ್ಲ ಅಂತ ಶಬ್ದ ಏರಿಸಿದರೆ ತಾರ ಸಪ್ತಕಕ್ಕೆ (ಮೇಲಿನ ಸ್ವರಗಳಿಗೆ) ಕಿವಿ ಹರಿಯುತ್ತದೆ. ಅಲ್ಲಿಗೆ ನಾಟ್ಯಗೀತೆ, ಭೀಮಸೇನ ಜೋಶಿಯವರ ಅಭಂಗ, ದಾಸರ ಪದ, ಚುರುಕಾದ ದ್ರುತ್, ಇವೇ ಸರಿ. ಗಂಗೂಬಾಯಿ ಹಾನಗಲ್ಲರ ದನಿ ಮಾತ್ರ ಯಾವ ಗದ್ದಲದಲ್ಲೂ ಮುಳುಗೋದಿಲ್ಲ, ಅದು ಕಂಬದ ಹಾಗೆ ನಿಲ್ಲುತ್ತದೆ. ಅವರೂ ರೈಲಿನವರೇ, ಸವಾಯಿ ಗಂಧರ್ವರ ಹತ್ತಿರ ಕಲಿಯೋದಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಹೋಗಿ ಬರುತ್ತಿದ್ದರಂತೆ. ನಮ್ಮ ದಾರಿಯ ಮುಂಬ್ರಾ ಹತ್ತಿರ ಗಾಡಿ ನಿಂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಸವಾಯಿ ಅಂದಕೂಡಲೇ ಪುಣೆ. ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಶುರುಮಾಡಿದ ಉತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ, ನಾನು ಆದಾಗ ಹೋಗುತ್ತೇನೆ. ಅಲ್ಲೇ ಒಬ್ಬ ಹಿರಿಯ ಸಂಗ್ರಾಹಕರ ಪರಿಚಯವಾಗಿತ್ತು. ಅವರು ಒಂದು ಮನೆ ಬೈಠಕ್ಕಿನ (ಖಾಸಗಿ ಕಛೇರಿಯ) ಧ್ವನಿಮುದ್ರಣ ಕೊಟ್ಟರು, ಯಾರದು ಅಂತ ಇಲ್ಲಿ ಬರೆಯೋದಿಲ್ಲ. "ನಿಮಗೆ ಮಾತ್ರ" ಅಂತ ಹೇಳಿಯೇ ಕೊಟ್ಟಿದ್ದರು. ನಾನು ಆರು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ರವಿವಾರ ಬೇರೆ ಏನೂ ಹೊಳೆಯದೆ, ಇದು ನಮ್ಮ ಇಪ್ಪತ್ತೈದು ಜನರ ಗುಂಪಲ್ವಾ, ಏನಾಗುತ್ತೆ ಅಂತ ಹಾಕಿಬಿಟ್ಟೆ. ಹತ್ತು ದಿನದಲ್ಲಿ ಅದು ಸುತ್ತಿ ಸುತ್ತಿ ಪುಣೆಗೇ ಹೋಗಿ ಅವರ ಫೋನಿಗೇ ತಲುಪಿತು, ರಾಗದ ಹೆಸರು ತಪ್ಪಾಗಿ, ಕೊನೆಯ ಮೂರು ನಿಮಿಷ ಕತ್ತರಿಸಿಕೊಂಡು. ಅವರು ಬೈಯಲಿಲ್ಲ. "ಹಾಂ, ಬಂತು" ಅಂತ ಮರಾಠಿಯಲ್ಲಿ ಎರಡು ಶಬ್ದ ಬರೆದರು, ಆಮೇಲೆ ಇವತ್ತಿನವರೆಗೂ ಮಾತಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ತಪ್ಪು ಪೂರ್ತಿ ನನ್ನದೇ. ಈಗ ಅಂಗಡಿಯಲ್ಲಿ ಬಂದ ಧ್ವನಿಮುದ್ರಣ, ರೇಡಿಯೋದವರು ಬಿಡುಗಡೆ ಮಾಡಿದ್ದು, ಇಷ್ಟೇ ಹಂಚುತ್ತೇನೆ.

ಇತ್ತೀಚಿನದು ಇನ್ನೊಂದಿದೆ. ಆಫೀಸಿನಲ್ಲಿ ಮಡಗಾಂವಿನ ಗೆಳೆಯನೊಬ್ಬ ಇದ್ದಾನೆ, ಇಗರ್ಜಿಯಲ್ಲಿ ಹಾಡೋನು, ಪಶ್ಚಿಮದ ಶಾಸ್ತ್ರೀಯ ಸಂಗೀತ ಅವನ ಮನೆಮಾತು. ಊಟದ ಹೊತ್ತಿನಲ್ಲಿ ನಮ್ಮಿಬ್ಬರದು ಒಪ್ಪಂದ: ನಿನ್ನದು ಒಂದು, ನನ್ನದು ಒಂದು. ಅವನು ಕೊಟ್ಟದ್ದು ಜರ್ಮನಿಯ ಸಂಗೀತ ರಚನೆಕಾರ ಬಾಖ್‌ನ 'ಶಕೋನ್'. 1720ರ ಹಸ್ತಪ್ರತಿಯಲ್ಲಿರುವ ಕೃತಿ, ಒಂದೇ ಒಂದು ಪಿಟೀಲು, ಪಕ್ಕವಾದ್ಯ ಏನೂ ಇಲ್ಲ, ಹತ್ತಿರ ಹತ್ತಿರ ಕಾಲು ಗಂಟೆ. ಮೊದಲ ಸಲ ಏನೂ ಹತ್ತಲಿಲ್ಲ, ತಲೆ ಬುಡ ತಿಳಿಯಲಿಲ್ಲ. "ಏನನ್ನು ಗಮನಿಸಲಿ?" ಅಂತ ನನ್ನ ಔಷಧಿಯನ್ನೇ ಅವನಿಗೆ ತಿರುಗಿಸಿದೆ. "ಮೂರು ಎಣಿಕೆಯ ನಾಲ್ಕು ಮನೆ, ಅದೇ ಮತ್ತೆ ಮತ್ತೆ ಬರುತ್ತೆ, ಅದರ ಮೇಲೆ ಬಾಖ್‌ನ ಆಟ" ಅಂದ. ಮೂರು ನಾಲ್ಕಲೆ ಹನ್ನೆರಡು. ಅಯ್ಯೋ, ಇದು ನಮ್ಮ ಹನ್ನೆರಡು ಮಾತ್ರೆಯ ಏಕತಾಲದ ಲೆಕ್ಕ ಅಲ್ವಾ! ಅವತ್ತು ರಾತ್ರಿ ಮೇಜಿನ ಮೇಲೆ ಬೆರಳಿಟ್ಟು ಎಣಿಸಿದೆ, ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಕತ್ ತಾ. ಪಿಟೀಲು ಎರಡನೇ ಎಣಿಕೆಯಿಂದ ಏಳುತ್ತದೆ, ಹಾಗಾಗಿ ಮೊದಲ ಮೂರು ಆವರ್ತ ನನ್ನ ಸಮ್ (ಆವರ್ತದ ಮೊದಲ ಎಣಿಕೆ) ಒಂದು ಕಡೆ, ಪಿಟೀಲಿನದು ಒಂದು ಕಡೆ. ಹಿಡಿತ ಸಿಕ್ಕಮೇಲೆ ಬಿಡಲಿಲ್ಲ. ತಬಲಾ ಸೋಲೋದಲ್ಲಿ ಸಾರಂಗಿಯ ಮೇಲೆ ನಗಮಾ ಅನ್ನೋ ಒಂದೇ ಸಾಲಿನ ಧುನ್ ಸುತ್ತುತ್ತಾ ಇರುತ್ತದಲ್ಲ, ಇಲ್ಲಿ ನಗಮಾನೂ ಪಿಟೀಲಿನವನೇ, ಸೋಲೋನೂ ಅವನೇ, ನಾಲ್ಕು ತಂತಿಯಲ್ಲಿ. ನಡುವೆ ಒಂದು ಕಡೆ ಕೋಮಲ ಗಂಧಾರ (ತಗ್ಗಿಸಿದ ಗ) ಹೋಗಿ ಶುದ್ಧ ಗಂಧಾರ ಬಂದ ಹಾಗಾಗುತ್ತದೆ, ಮೋಡ ಸರಿದ ಹಾಗೆ, ಆಮೇಲೆ ಮತ್ತೆ ಕೋಮಲಕ್ಕೇ ಹೋಗುತ್ತದೆ. ಅಲ್ಲಿ ಎಣಿಸೋದು ಬಿಟ್ಟೆ. ಆ ವಾರ ಡೈರಿಯಲ್ಲಿ ಅದು ಐದು ಸಲ.

ಕಳೆದ ರವಿವಾರ ಅದನ್ನೇ ಗುಂಪಿಗೆ ಹಾಕಿದೆ. ಬಾಖ್ ಯಾರು ಅಂತ ಬರೆಯಲಿಲ್ಲ, "ಹನ್ನೆರಡು ಎಣಿಸ್ತಾ ಕೇಳಿ, ಎಲ್ಲಿ ತಪ್ಪಿತು ಹೇಳಿ" ಅಂತಷ್ಟೇ. ಮೈಸೂರಿನ ಹಿರಿಯರು ಕೈಬೆರಳಲ್ಲಿ ಆದಿತಾಳ ಹಾಕಿ ನೋಡಿ, ಕೂರೋದಿಲ್ಲ ಅಂತ ತಕರಾರು ತೆಗೆದರು. ಆದಿತಾಳ ಎಂಟರದು, ಎಲ್ಲಿ ಕೂರುತ್ತೆ? ಮಧ್ಯಾಹ್ನ ಒಂದೂವರೆಗೆ ವೈನಿ ಬರೆದರು: "ಹನ್ನೆರಡು ಎಣಿಸ್ಕೋತ ಸೀಟಿ ಎಣಿಸೂದು ಮರತೆ. ಬ್ಯಾಳಿ ತಳಾ ಹತ್ತೇತಿ, ನಿಮ್ಮ ಅಣ್ಣಾರು ಮೊಸರನ್ನ ಉಂಡ್ರು. ಮುಂದಿನ ವಾರ ಸಣ್ಣದು ಕಳಸ್ರಿ."