ಬೋರ್ಡ್ ಹೇಳಿದ್ದು 30, ರಸ್ತೆ ಹೇಳಿದ್ದು 60

ರಸ್ತೆಯ ಅಂಚಿನಲ್ಲಿ 50 ಮೀಟರ್ ಅಂತರಕ್ಕೆ ಚಾಕ್‌ನಲ್ಲಿ ಎಳೆದ ಎರಡು ಗೆರೆ, ಕೈಯಲ್ಲಿ ಒಂದು ಸ್ಟಾಪ್‌ವಾಚ್. ನಾನು ವೇಗ ಅಳೆಯೋಕೆ ಶುರು ಮಾಡಿದ್ದು ಇಷ್ಟರಿಂದಲೇ. ಮುಂದಿನ ಚಕ್ರ ಮೊದಲ ಗೆರೆ ದಾಟಿದಾಗ ಒಮ್ಮೆ ಒತ್ತಬೇಕು, ಎರಡನೇ ಗೆರೆ ದಾಟಿದಾಗ ಇನ್ನೊಮ್ಮೆ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 6 ಸೆಕೆಂಡ್ ಆದರೆ 30. 3.6 ಆದರೆ 50. 3 ಆದರೆ 60. ಇವು ನನಗೆ ಮಗ್ಗಿಯ ಹಾಗೆ ಬಾಯಿಪಾಠ ಆಗಿಬಿಟ್ಟಿವೆ.

ನಾನು ರಸ್ತೆ ಡಿಸೈನ್ ಮಾಡುವ ಎಂಜಿನಿಯರ್. ಆಗಿನ್ನೂ ಹೊಸಬ. ನನ್ನದೇ ಜವಾಬ್ದಾರಿ ಅಂತ ಸಿಕ್ಕ ಮೊದಲ ಕೆಲಸ ಒಂದು ಶಾಲೆಯ ಮುಂದಿನ ರಸ್ತೆ. ಸುಮಾರು 700 ಮೀಟರ್ ಉದ್ದ, ದಾರ ಹಿಡಿದು ಎಳೆದ ಹಾಗೆ ನೇರ. ಅಗಲ 9 ಮೀಟರ್, ಇರುವುದು ಎರಡೇ ಲೇನ್. ಅಂದರೆ ಒಂದೊಂದು ನಾಲ್ಕೂವರೆ ಮೀಟರ್. ದೊಡ್ಡ ಬಸ್ಸಿನ ಅಗಲವೇ ಎರಡೂವರೆ ಮೀಟರ್, ಅಷ್ಟು ಜಾಗ ಯಾಕೆ ಬೇಕಿತ್ತೋ ಗೊತ್ತಿಲ್ಲ. ವೇಗ ಮಿತಿ 50 ಇತ್ತು, 30 ಮಾಡಿ ಅಂತ ಶಾಲೆಯವರ ಬೇಡಿಕೆ. ನಾನು 50ರ ಬೋರ್ಡ್ ಕೀಳಿಸಿ 30ರ ಬೋರ್ಡ್ ಹಾಕಿಸಿದೆ. ದೊಡ್ಡದು, ರಾತ್ರಿ ಲೈಟ್ ಬಿದ್ದರೆ ಫಳಫಳ ಹೊಳೆಯುವಂಥದ್ದು. ಕೆಲಸ ಮುಗೀತು ಅಂದುಕೊಂಡೆ.

ಪುಣ್ಯಕ್ಕೆ ಬೋರ್ಡ್ ಹಾಕುವ ಮುಂಚೆ ಒಮ್ಮೆ ಅಳೆದಿಟ್ಟಿದ್ದೆ. ಹಾಕಿ ಎರಡು ತಿಂಗಳಾದ ಮೇಲೆ ಮತ್ತೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕೂತೆ. ಮೊದಲು ಸರಾಸರಿ 56 ಇತ್ತು. ಈಗ 52. ಮಿತಿ 20 ಇಳಿದಿದೆ, ಗಾಡಿಗಳು ಇಳಿದಿದ್ದು ಬರೀ 4. ನೂರು ಗಾಡಿಗಳ ವೇಗವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದುಕೊಂಡರೆ 85ನೇ ಗಾಡಿಯ ವೇಗ ಎಷ್ಟು ಅಂತ ನಮ್ಮ ಕಸುಬಿನಲ್ಲಿ ನೋಡುತ್ತಾರೆ. ಆ ಲೆಕ್ಕದಲ್ಲಿ 60. ಹೊಳೆಯುವ ಬೋರ್ಡ್ ಪಕ್ಕದಲ್ಲೇ.

ನನಗೆ ಸಿಟ್ಟು ಬಂದಿತ್ತು. ಜನರಿಗೆ ಓದೋಕೆ ಬರಲ್ವಾ, ಮಕ್ಕಳು ಓಡಾಡುವ ಜಾಗ ಅಂತ ಗೊತ್ತಾಗಲ್ವಾ ಅಂತ ಆಫೀಸಿನಲ್ಲಿ ಕೂಗಾಡಿದೆ. ನಮ್ಮ ಹಿರಿಯ ಎಂಜಿನಿಯರ್ ಒಬ್ಬರಿದ್ದರು, ಮಾತು ಕಮ್ಮಿ. ಮರುದಿನ ಬೆಳಗ್ಗೆ ಬೇಗ ನನ್ನ ಕಾರಿನಲ್ಲೇ ಆ ರಸ್ತೆಗೆ ಹೋಗೋಣ ಅಂದರು. ಶಾಲೆಗೆ ರಜೆ, ರಸ್ತೆ ಖಾಲಿ. ಅವರು ಜೇಬಿನಿಂದ ಕರವಸ್ತ್ರ ತೆಗೆದು ಸ್ಪೀಡೋಮೀಟರ್ ಮೇಲೆ ಹಾಕಿದರು. ಫೋನಿನಲ್ಲಿ ಜಿಪಿಎಸ್ ಇಟ್ಟುಕೊಂಡು ಪಕ್ಕದಲ್ಲಿ ಕೂತರು.

"ನಿನಗೆ ಎಷ್ಟು ಸರಿ ಅನ್ನಿಸುತ್ತೋ ಅಷ್ಟರಲ್ಲಿ ಹೋಗು," ಅಂದರು.

ನಾನು ತೀರಾ ಹುಷಾರಾಗಿಯೇ ಓಡಿಸಿದೆ. ನನ್ನದೇ ಬೋರ್ಡ್ ಅಲ್ವಾ. 35 ಇರಬಹುದು, ಹೆಚ್ಚೆಂದರೆ 40 ಅನ್ನಿಸಿತ್ತು. ಇನ್ನೊಂದು ತುದಿಯಲ್ಲಿ ನಿಲ್ಲಿಸಿದಾಗ ಅವರು ಫೋನ್ ನನ್ನ ಕಡೆ ತಿರುಗಿಸಿದರು. 58.

"ಬೋರ್ಡ್ ಹಾಕಿದವನೇ 58ರಲ್ಲಿ ಹೋದರೆ ಬೇರೆಯವರ ಮೇಲೆ ಯಾಕಪ್ಪ ಸಿಟ್ಟು?"

ಡ್ರೈವ್ ಮಾಡುವಾಗ ಯಾರೂ ಮಿತಿ ಓದಿ ಆಮೇಲೆ ಕಾಲು ಒತ್ತುವುದಿಲ್ಲ. ವೇಗ ಕಣ್ಣಂಚಿನಿಂದ ಗೊತ್ತಾಗುತ್ತದೆ. ಪಕ್ಕದಲ್ಲಿ ಮರ, ಗೋಡೆ, ನಿಂತ ಗಾಡಿಗಳು ಹತ್ತಿರ ಇದ್ದರೆ ಅವು ಸರ್ರನೆ ಹಿಂದಕ್ಕೆ ಓಡುತ್ತವೆ, 40 ಕೂಡ ಜೋರು ಅನ್ನಿಸುತ್ತದೆ. ಅಗಲ ರಸ್ತೆಯಲ್ಲಿ ಅವೆಲ್ಲ ದೂರ, ನಿಧಾನಕ್ಕೆ ಸರಿಯುತ್ತವೆ, ನೋಟ ದೂರದ ತುದಿಗೆ ಹೋಗಿ ನಿಲ್ಲುತ್ತದೆ. ಆಗ 60 ಕೂಡ ತೆವಳಿದ ಹಾಗೆ. ತಮಾಷೆ ಅಂದರೆ ಇಂಥ ರಸ್ತೆಗಳನ್ನು ನಾವು ಸುರಕ್ಷತೆ ಅಂತಲೇ ಕಟ್ಟುತ್ತೇವೆ. ಡ್ರೈವರ್ ತಪ್ಪು ಮಾಡಿದರೂ ಜಾಗ ಇರಲಿ ಅಂತ ಲೇನ್ ಅಗಲ ಮಾಡುತ್ತೇವೆ, ತಿರುವು ಸಡಿಲ ಮಾಡುತ್ತೇವೆ, ಮರ ಕಡಿಯುತ್ತೇವೆ. ಹೆದ್ದಾರಿಯಲ್ಲಿ ಅದು ಸರಿ. ಅದನ್ನೇ ಶಾಲೆ ಮುಂದೆ ತಂದರೆ ಕೊಟ್ಟ ಜಾಗವನ್ನೆಲ್ಲ ಡ್ರೈವರ್ ವೇಗಕ್ಕೆ ಬಳಸಿಕೊಳ್ಳುತ್ತಾನೆ.

ಅದಾದ ಮೇಲೆ ಒಂದೆರಡು ವರ್ಷ ನಾನು ಬೋರ್ಡ್‌ಗಳ ವೈರಿ ಆಗಿದ್ದೆ. ಮಿತಿ ಅನ್ನೋದೆಲ್ಲ ಸುಮ್ನೆ, ರಸ್ತೆ ಬದಲಿಸಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಹಾನ್ಸ್ ಮಾಂಡರ್‌ಮನ್ ಅಂತ ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್ ಒಬ್ಬರು ಡ್ರಾಖ್ಟನ್ ಊರಿನ ಜಂಕ್ಷನ್ನಿನಲ್ಲಿ ಸಿಗ್ನಲ್, ಬೋರ್ಡ್ ಎಲ್ಲ ತೆಗೆಸಿದ್ದರಲ್ಲ, ಅದು ನನಗೆ ವೇದವಾಕ್ಯ. ಆಮೇಲೆ ಸ್ವೀಡನ್ನಿನ ಯೋರಾನ್ ನಿಲ್ಸನ್ ಅವರ ಲೆಕ್ಕ ಕಣ್ಣಿಗೆ ಬಿತ್ತು. ಸರಾಸರಿ ವೇಗ ನೂರಕ್ಕೆ 1ರಷ್ಟು ಇಳಿದರೆ ಸಾವಿನ ಅಪಘಾತ ಸುಮಾರು ನೂರಕ್ಕೆ 4ರಷ್ಟು ಇಳಿಯುತ್ತದೆ. ಸಾವು ವೇಗದ ನಾಲ್ಕನೇ ಘಾತದ ಜತೆ ಹೋಗುತ್ತದೆ ಅನ್ನುವುದು ಅದರ ಸಾರ. ನನ್ನ ಹಳೆಯ 56 ಮತ್ತು 52 ಹಾಕಿ ನೋಡಿದೆ. ಕಾಲು ಭಾಗ ಕಡಿಮೆ! ನಾನು ಬೈದುಕೊಂಡು ಓಡಾಡುತ್ತಿದ್ದ ಬೋರ್ಡ್, ಲೆಕ್ಕದ ಪ್ರಕಾರ, ಅಷ್ಟು ಕೆಲಸ ಮಾಡಿತ್ತು. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಊರೊಳಗಿನ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿದಾಗಲೂ ಹೀಗೇ ಆಯಿತು. ವೇಗ 10 ಮೈಲಿ ಇಳಿಯಲಿಲ್ಲ, ಅದಕ್ಕಿಂತ ತುಂಬಾ ಕಡಿಮೆ ಇಳಿಯಿತು. ಆದರೆ ಇಳಿಯಿತು.

ಹಾಗಾಗಿ ಈಗ ನನ್ನ ನಿಲುವು ಬೇರೆ. ಮಿತಿ ಇಳಿಸೋಣ, ಆದರೆ ರಸ್ತೆಯೂ ಅದೇ ಮಾತು ಹೇಳುವ ಹಾಗೆ ಮಾಡೋಣ. ಇಬ್ಬರೂ ಬೇರೆ ಬೇರೆ ಹೇಳಿದರೆ ಜನ ಕೇಳುವುದು ರಸ್ತೆಯ ಮಾತನ್ನೇ.

30 ಯಾಕೆ, 40 ಆಗಲ್ವಾ ಅಂತ ಮೀಟಿಂಗ್‌ಗಳಲ್ಲಿ ಯಾವಾಗಲೂ ಕೇಳುತ್ತಾರೆ. ಆಗ ನಾನು 50ರ ಜತೆ ಹೋಲಿಸಿ ತೋರಿಸುತ್ತೇನೆ. ಮಗು ಅಡ್ಡ ಬಂದಿದ್ದು ಕಂಡು ಬ್ರೇಕ್ ಮೇಲೆ ಕಾಲು ಹೋಗೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. 50ರಲ್ಲಿ ಅಷ್ಟರಲ್ಲೇ ಗಾಡಿ 14 ಮೀಟರ್ ಮುಂದೆ ಹೋಗಿರುತ್ತದೆ. 30ರಲ್ಲಿ ಬಂದ ಗಾಡಿ ಒಣ ರಸ್ತೆಯಲ್ಲಿ 13, 14 ಮೀಟರಿಗೆಲ್ಲ ನಿಂತೇ ಬಿಡುತ್ತದೆ. ಒಬ್ಬ ಪೂರ್ತಿ ನಿಂತ ಜಾಗದಲ್ಲಿ ಇನ್ನೊಬ್ಬ ಆಗಷ್ಟೇ ಬ್ರೇಕ್ ಒತ್ತುತ್ತಿರುತ್ತಾನೆ. ಇದನ್ನು ನೆಲದ ಮೇಲೆ ಟೇಪ್ ಹಿಡಿದು ತೋರಿಸಿದರೆ ಮತ್ತೆ ಯಾರೂ ವಾದ ಮಾಡುವುದಿಲ್ಲ.

ಇನ್ನು ರಸ್ತೆಗೆ ಏನು ಮಾಡಿದೆ ಅಂದರೆ, ಮೊದಲು ಎಲ್ಲರ ಹಾಗೆ ಹಂಪ್ ಹಾಕಿಸಿದೆ. ಅದರಲ್ಲೂ ಎರಡು ತಪ್ಪು. ಒಂದು, ಗಿಡ್ಡ ಹಂಪ್. ಒಂದಡಿ ಅಗಲದ ಚೂಪು ಉಬ್ಬಿನ ಮೇಲೆ ನಿಧಾನ ಹೋದವನಿಗೇ ಸೊಂಟ ನೋವು, ಜೋರಾಗಿ ಹೋದವನ ಸ್ಪ್ರಿಂಗ್ ಅದನ್ನು ನುಂಗಿಬಿಡುತ್ತದೆ. ಚೆನ್ನಾಗಿ ಓಡಿಸುವವನಿಗೆ ಶಿಕ್ಷೆ, ಉಳಿದವನಿಗೆ ರಿಯಾಯಿತಿ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಾಟ್ಸ್ ಅನ್ನುವವರು ಪ್ರಯೋಗ ಮಾಡಿ ರೂಪಿಸಿದ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ, ಬಿಲ್ಲಿನ ಹಾಗೆ ಬಾಗಿದ್ದು. ಅದರ ಮೇಲೆ ವೇಗ ಹೆಚ್ಚಿದಷ್ಟೂ ಹೊಡೆತ ಹೆಚ್ಚು. ಹಂಪ್ ಇರಬೇಕಾದ್ದೇ ಹಾಗೆ. ಎರಡನೇ ತಪ್ಪು ಅಂತರ. 200 ಮೀಟರಿಗೆ ಒಂದು ಹಾಕಿದ್ದೆ. ಹಂಪ್ ಹತ್ತಿರ ಅಳೆದರೆ ಅಂಕಿ ಬಹಳ ಚೆಂದ. ಎರಡು ಹಂಪ್ ನಡುವೆ ಹೋಗಿ ಕೂತರೆ ಎಲ್ಲರೂ ಕಳೆದುಹೋದ ಟೈಮನ್ನು ವಾಪಸ್ ವಸೂಲಿ ಮಾಡುತ್ತಿದ್ದರು. ಜೋರಾಗಿ ಆಕ್ಸಿಲರೇಟರ್, ಜೋರಾಗಿ ಬ್ರೇಕ್, ಮತ್ತೆ ಅದೇ. ಸ್ಪೀಡ್ ಕ್ಯಾಮೆರಾ ಮುಂದೆ ಬ್ರೇಕ್ ಹೊಡೆದು ದಾಟಿದ ಕೂಡಲೇ ಹಾರುವವರದ್ದೂ ಇದೇ ಕಥೆ.

ಆಂಬುಲೆನ್ಸ್ ಡ್ರೈವರ್ ಒಬ್ಬರು ಒಂದು ದಿನ ಗಾಡಿ ನಿಲ್ಲಿಸಿ ಮಾತಾಡಿಸಿದರು. "ಸಾರ್, ಮೂಳೆ ಮುರಿದವರನ್ನು ಹಿಂದೆ ಮಲಗಿಸಿಕೊಂಡು ಇದರ ಮೇಲೆ ಒಂದ್ಸಲ ಬನ್ನಿ." ನನ್ನ ಬಳಿ ಉತ್ತರ ಇರಲಿಲ್ಲ. ಖಾಲಿ ಲಾರಿಗಳು ರಾತ್ರಿ ಹಂಪ್ ಮೇಲೆ ಧಡಾರ್ ಅನ್ನುವ ಸದ್ದಿಗೆ ಅಕ್ಕಪಕ್ಕದ ಮನೆಯವರ ದೂರು ಬೇರೆ.

ಆಮೇಲೆ ಬಣ್ಣ ಬಳಿದು ನೋಡಿದೆ. ರಸ್ತೆಗೆ ಅಡ್ಡಡ್ಡ ಗೆರೆ, ಮುಂದೆ ಹೋದ ಹಾಗೆ ಹತ್ತಿರ ಹತ್ತಿರ, ವೇಗ ಏರುತ್ತಿದೆ ಅಂತ ಕಣ್ಣಿಗೆ ಭ್ರಮೆ ಹುಟ್ಟಿಸೋಕೆ. ಮೊದಲ ವಾರ ಕೆಲಸ ಮಾಡಿತು. ದಿನಾ ಬರುವವರಿಗೆ ಅಭ್ಯಾಸ ಆಗಿಹೋಯಿತು. ಅಷ್ಟೇ.

ಕೊನೆಗೆ ಕೈ ಹಾಕಿದ್ದು ಅಗಲಕ್ಕೆ. ಮೊದಲೇ ಕಾಂಕ್ರೀಟ್ ಹಾಕಲಿಲ್ಲ, ಆ ಬುದ್ಧಿ ಅಷ್ಟೊತ್ತಿಗೆ ಬಂದಿತ್ತು. ಎರಡು ವಾರ ಬರೀ ಪ್ಲಾಸ್ಟಿಕ್ ಕೋನ್. ಲೇನ್ 3 ಮೀಟರಿಗೆ ಇಳಿಸಿದೆವು. ಶಾಲೆ ಗೇಟ್ ಎದುರು ನಡುವೆ 2 ಮೀಟರ್ ಅಗಲದ ದ್ವೀಪ, ಮಕ್ಕಳು ಅರ್ಧ ದಾಟಿ ನಿಲ್ಲೋಕೆ. ಪಕ್ಕದ ಓಣಿ ಸೇರುವ ಮೂಲೆಯನ್ನೂ ಬಿಗಿ ಮಾಡಿದೆವು. ಅದು ಎಷ್ಟು ಸಡಿಲ ಇತ್ತು ಅಂದರೆ ಬ್ರೇಕ್ ಮುಟ್ಟದೆ ತಿರುಗಬಹುದಿತ್ತು. ಮೊದಲ ದಿನವೇ ಒಂದು ಲಾರಿಯ ಹಿಂದಿನ ಚಕ್ರ ಮೂರು ಕೋನ್ ಮೇಲೆ ಹತ್ತಿಳಿಯಿತು. ಬೈಗುಳವೂ ಬಿತ್ತು. ಆದರೆ ಅದೇ ನಮಗೆ ನಕ್ಷೆ ಆಯಿತು: ಕೋನ್ ಎಲ್ಲೆಲ್ಲಿ ಅಪ್ಪಚ್ಚಿ ಆಯಿತೋ ಅಲ್ಲಿ ಅಂಚುಕಲ್ಲಿನ ಬದಲು ತಗ್ಗಾದ, ಒರಟು ಕಲ್ಲಿನ ಹಾಸು ಹಾಕಿದೆವು. ಲಾರಿ ಅದರ ಮೇಲೆ ಹೋಗಬಹುದು. ಕಾರಿನವರು ಗಡಗಡ ಅನ್ನುತ್ತದೆ ಅಂತ ಹೋಗುವುದಿಲ್ಲ. ಜೀಬ್ರಾ ಕ್ರಾಸಿಂಗನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದೆವು, ಮೇಲೆ ಚಪ್ಪಟೆ, ಎರಡೂ ಕಡೆ ನಿಧಾನ ಇಳಿಜಾರು. ಮಕ್ಕಳು ರಸ್ತೆಗೆ ಇಳಿಯುವ ಬದಲು ಗಾಡಿಗಳೇ ಫುಟ್‌ಪಾತಿಗೆ ಹತ್ತಿ ಬಂದ ಹಾಗೆ ಕಾಣುತ್ತದೆ. ಹಳೆ ಹಂಪ್‌ಗಳ ಜಾಗದಲ್ಲಿ ಕುಶನ್ ಹಾಕಿದೆವು, ಸುಮಾರು 80 ಮೀಟರಿಗೆ ಒಂದು. ರಸ್ತೆಯ ಪೂರ್ತಿ ಅಗಲಕ್ಕೆ ಬರದ, ತುಂಡು ತುಂಡಾದ ಉಬ್ಬು ಅದು. ಆಂಬುಲೆನ್ಸ್, ಬಸ್ಸುಗಳ ಚಕ್ರದ ನಡುವಿನ ಅಂತರ ಜಾಸ್ತಿ, ಅವು ಉಬ್ಬನ್ನು ಕಾಲುಗಳ ನಡುವೆ ಬಿಟ್ಟುಕೊಂಡು ಹೋಗುತ್ತವೆ. ಕಾರಿಗೆ ಆ ಭಾಗ್ಯ ಇಲ್ಲ.

ಅಳೆಯುವ ವಿಷಯದಲ್ಲಿ ಒಂದೆರಡು ಮಾತು, ನನ್ನ ಹಾಗೆ ಮೋಸ ಹೋಗಬೇಡಿ ಅಂತ. ರೇಡಾರ್ ಗನ್ ಹಿಡಿದು ಎದ್ದು ಕಾಣುವ ಹಾಗೆ ನಿಂತರೆ ನೀವು ಅಳೆಯುವುದು ಜನರ ಭಯವನ್ನು. ಪಕ್ಕದಿಂದ ಓರೆಯಾಗಿ ಹಿಡಿದರೆ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ, 20 ಡಿಗ್ರಿ ಓರೆ ಆದರೆ 50 ಇದ್ದದ್ದು 47 ಅಂತ ತೋರಿಸುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಬರುವವರನ್ನು ಲೆಕ್ಕಕ್ಕೆ ತಗೋಬೇಡಿ. ಅವರ ವೇಗ ಅವರದ್ದಲ್ಲ, ಮುಂದಿನವನದ್ದು. ಕನಿಷ್ಠ ನಾಲ್ಕೈದು ಸೆಕೆಂಡ್ ಮುಂದೆ ಖಾಲಿ ಇರುವವನನ್ನೇ ಹಿಡಿಯಿರಿ. ಆಮೇಲೆ ಆ 85ನೇ ಗಾಡಿಯ ಲೆಕ್ಕ. ಅಮೆರಿಕದಲ್ಲಿ ಬಹಳ ಕಾಲ ಅದನ್ನೇ ನೋಡಿ ಮಿತಿ ಇಡುತ್ತಿದ್ದರು, ಬಹುತೇಕರು ಹೋಗುವ ವೇಗವೇ ಸರಿಯಾದ ವೇಗ ಅಂತ. ನಡೆಯುವವರೇ ಇಲ್ಲದ ರಸ್ತೆಗೆ ಅದು ಆದೀತು. ಶಾಲೆ ಮುಂದೆ ಅದನ್ನು ಹಿಡಿದುಕೊಂಡು ಹೋದರೆ, ಅಗಲ ರಸ್ತೆ ಕಟ್ಟಿ ಜನ 60ರಲ್ಲಿ ಹೋಗುವ ಹಾಗೆ ಮಾಡಿದ್ದೂ ನಾವೇ, ನೋಡಿ ಜನಕ್ಕೆ 60 ಬೇಕಂತೆ ಅನ್ನುವುದೂ ನಾವೇ.

ಎಲ್ಲ ಗಟ್ಟಿಯಾಗಿ ಕಟ್ಟಿ ಆರು ತಿಂಗಳಾದ ಮೇಲೆ ಮತ್ತೆ ಚಾಕ್ ಗೆರೆ ಎಳೆದು ಕೂತೆ. ಗನ್ ಇತ್ತು, ಆದರೂ ಸ್ಟಾಪ್‌ವಾಚೇ ತಗೊಂಡೆ. 5.2. 4.8. 6.3. ಮತ್ತೆ 5.2. ಒಬ್ಬ ಮಾತ್ರ 3.9, ಬೈಕಿನವನು, ಅವನನ್ನು ಯಾವ ದ್ವೀಪವೂ ತಡೆಯಲಾರದು. ಮನೆಗೆ ಹೋಗಿ ಜೋಡಿಸಿದರೆ 85ನೇ ಗಾಡಿ 38. ಬೋರ್ಡ್ ಮೇಲಿರುವುದು 30, ಅಲ್ಲಿಗೆ ಇನ್ನೂ ಬಂದಿಲ್ಲ. ಆದರೆ ಬೋರ್ಡ್ ಅದೇ ಹಳೆಯದು, ಈಗ ಬಣ್ಣ ಮಂಕಾಗಿದೆ, ಯಾರೂ ತೊಳೆದೂ ಇಲ್ಲ.

ಹಿರಿಯರು ರಿಟೈರ್ ಆಗಿದ್ದಾರೆ. ಮೊನ್ನೆ ಅವರನ್ನು ಕೂರಿಸಿಕೊಂಡು ಆ ರಸ್ತೆಯಲ್ಲಿ ಹೋದೆ. ಕರವಸ್ತ್ರ ನಾನೇ ಹಾಕಿದೆ. ಗೇಟ್ ಮುಂದೆ 31 ಅಂದರು, ಖುಷಿ ಆಯಿತು. ಕೊನೆಯ 150 ಮೀಟರಿನಲ್ಲಿ ದುಡ್ಡು ಮುಗಿದು ಅಗಲ ಹಾಗೇ ಬಿಟ್ಟಿದ್ದೆವು. ಅಲ್ಲಿ ಅವರು ಏನೂ ಹೇಳದೆ ಫೋನ್ ತಿರುಗಿಸಿದರು. 49.